ಉಗ್ರಾಣದ ಕೀಲಿ ಹುಡುಗರ ಕೈಯಲ್ಲಿ

ಅಮೆರಿಕದ ಕಾಲೇಜು ಹುಡುಗರ ‘ಫ್ರಾಟರ್ನಿಟಿ’ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಸಿನಿಮಾದಲ್ಲಿ ಕಂಡ ಕುಡಿತ, ಕುಣಿತ, ಗದ್ದಲ. ಆ ಶಬ್ದದ ಮೂಲದಲ್ಲಿರುವುದು ಲ್ಯಾಟಿನ್ನಿನ ‘ಫ್ರಾಟರ್’, ಅಂದರೆ ಅಣ್ಣ ಅಥವಾ ತಮ್ಮ. ಎರಡೋ ಮೂರೋ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು, ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಅಡಿಗೆ ಉಂಡು, ಓದು ಮುಗಿದ ಮೇಲೂ ಜೀವನಪೂರ್ತಿ ಸದಸ್ಯರಾಗಿಯೇ ಉಳಿಯುವ ಹುಡುಗರ ಬಳಗ ಅದು. ಈ ಪದ್ಧತಿ ಅಲ್ಲಿ 1776ರಿಂದ ಇದೆ. ಇದರಲ್ಲಿ ನೂರಾರು ಬಗೆ. ನಾನಿಲ್ಲಿ ಬರೆಯುತ್ತಿರುವುದು ಒಂದು ಬಗೆಯ ಬಗ್ಗೆ ಮಾತ್ರ: ಲೂಥರನ್ ಕ್ರೈಸ್ತ, ಅಂದರೆ ಮಾರ್ಟಿನ್ ಲೂಥರನ ಪಂಥದ, ಹುಡುಗರ ಫ್ರಾಟರ್ನಿಟಿ. ಯಾಕೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪ್ರಸಾದ ನಿಲಯಗಳಿಗೆ, ಅಂದರೆ ಮಠಗಳ ವಿದ್ಯಾರ್ಥಿ ನಿಲಯಗಳಿಗೆ, ಅದರಷ್ಟು ಹತ್ತಿರದ ನೆಂಟ ಇನ್ನೊಂದಿಲ್ಲ. ನಾವು ಮಾಡದ ಒಂದು ಕೆಲಸವನ್ನೂ ಅದು ಮಾಡುತ್ತದೆ. ಅಲ್ಲಿ ಮನೆ ನಡೆಸುವವರು ಹುಡುಗರೇ.

ನಮ್ಮ ಕಡೆ ಲೂಥರನ್ ಎಂಬ ಹೆಸರು ಅಪರೂಪ. ಬೆಳಗಾವಿಯಲ್ಲಿ ಮೊದಲು ಲಂಡನ್ ಮಿಶನ್ ಇತ್ತು, ಆಮೇಲೆ ಮೆಥಡಿಸ್ಟರು ಬಂದರು. ಗುಳೇದಗುಡ್ಡದ ಕಡೆ ಬಾಸೆಲ್ ಮಿಶನ್. ಈ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ ಮನೆತನಗಳಿಂದ ಬಂದವರೂ ಇದ್ದರು, ರಿಫಾರ್ಮ್ಡ್ ಪಂಥದವರೂ ಇದ್ದರು. 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಸಾಹೇಬರನ್ನು ನಮ್ಮ ನಾಡಿಗೆ ಕಳಿಸಿದ್ದು ಇದೇ ಮಿಶನ್. ಹಾಗಾಗಿ ಹೆಸರು ಹೊಸದಾದರೂ ಸಂಬಂಧ ಹಳೆಯದೇ.

1517ರಲ್ಲಿ ವಿಟೆನ್‌ಬರ್ಗ್ ಎಂಬ ಊರಿನಿಂದ ಪೋಪರ ಅಧಿಕಾರವನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರ್ ಇತಿಹಾಸದ ಪಾಠದಲ್ಲಿ ಬರುತ್ತಾನೆ. ಆತನ ಮನೆಯೇ ಒಂದು ವಿದ್ಯಾರ್ಥಿ ನಿಲಯವಾಗಿತ್ತು ಎಂಬುದು ಪಾಠದಲ್ಲಿ ಬರುವುದಿಲ್ಲ. ಸನ್ಯಾಸ ಬಿಟ್ಟ ಆತ 1525ರಲ್ಲಿ, ತನ್ನಂತೆಯೇ ಮಠ ಬಿಟ್ಟು ಬಂದ ಕಾಥರೀನಾ ಫಾನ್ ಬೋರಾ ಎಂಬವಳನ್ನು ಮದುವೆಯಾದ. ಹಿಂದೆ ತಾನು ಸನ್ಯಾಸಿಯಾಗಿದ್ದ ಮಠದ ಕಟ್ಟಡದಲ್ಲೇ ಸಂಸಾರ ಹೂಡಿದ. ಖಾಲಿ ಬಿದ್ದ ಕೋಣೆಗಳಲ್ಲಿ ಕಾಥರೀನಾ ವಿಶ್ವವಿದ್ಯಾಲಯದ ಹುಡುಗರನ್ನು ಇಟ್ಟುಕೊಂಡಳು. ದನ, ಹಂದಿ, ಮೀನಿನ ಹೊಂಡ, ತೋಟ, ಬಿಯರ್ ಭಟ್ಟಿ ಎಲ್ಲವನ್ನೂ ತಾನೇ ನೋಡಿಕೊಂಡು ಅಷ್ಟು ಬಾಯಿಗೆ ಅನ್ನ ಹಾಕಿದಳು. ಊಟದ ಮೇಜಿನಲ್ಲಿ ಲೂಥರ್ ಆಡಿದ ಮಾತುಗಳನ್ನು ಆ ಹುಡುಗರು ಬರೆದಿಟ್ಟುಕೊಂಡರು. ಅವು 1566ರಲ್ಲಿ, ಆತ ತೀರಿಕೊಂಡ ಇಪ್ಪತ್ತು ವರ್ಷದ ಮೇಲೆ, ಪುಸ್ತಕವಾಗಿ ಬಂದವು. ಒಂದೇ ಪಂಕ್ತಿಯಲ್ಲಿ ಊಟ, ಮಾತು, ಪ್ರಾರ್ಥನೆ ಮೂರೂ ನಡೆಯುವ ಪದ್ಧತಿ ಲೂಥರನ್ನರಿಗೆ ಮೂಲದಿಂದಲೇ ಬಂದದ್ದು.

ಅಮೆರಿಕದಲ್ಲಿ ಇದು ಫ್ರಾಟರ್ನಿಟಿಯ ರೂಪ ಪಡೆದುದಕ್ಕೆ ಕಾರಣ ಹೊಲ. ಜರ್ಮನಿ ಮತ್ತು ಉತ್ತರ ಯುರೋಪಿನಿಂದ ವಲಸೆ ಹೋದ ಲೂಥರನ್ ಕುಟುಂಬಗಳು ಇಲಿನಾಯ್, ಅಯೋವಾ, ನೆಬ್ರಾಸ್ಕಾದಂಥ ಗೋವಿನಜೋಳದ ಸೀಮೆಯಲ್ಲಿ ಒಕ್ಕಲುತನಕ್ಕೆ ನಿಂತವು. 1862ರ ಮಾರಿಲ್ ಕಾಯ್ದೆಯಿಂದ ಸರಕಾರಿ ಜಮೀನಿನ ಆದಾಯದ ಮೇಲೆ ರಾಜ್ಯ ವಿಶ್ವವಿದ್ಯಾಲಯಗಳು ಎದ್ದವು. ಅಲ್ಲಿ ಮುಖ್ಯವಾಗಿ ಕಲಿಸಿದ್ದು ಕೃಷಿ ಮತ್ತು ಎಂಜಿನಿಯರಿಂಗ್. ಸರಕಾರಿ ವಿಶ್ವವಿದ್ಯಾಲಯ ಯಾವ ಧರ್ಮವನ್ನೂ ಕಲಿಸುವಂತಿಲ್ಲ. ಹಳ್ಳಿಯ ಚರ್ಚು, ಹಾಡು, ಮನೆಯ ಪ್ರಾರ್ಥನೆಯಲ್ಲಿ ಬೆಳೆದ ಹುಡುಗ ಹದಿನೆಂಟಕ್ಕೆ ಸಾವಿರಾರು ಅಪರಿಚಿತರ ನಡುವೆ ಬಂದು ನಿಲ್ಲುತ್ತಿದ್ದ. ಆತನಿಗೆ ಒಂದು ಮನೆ ಬೇಕಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ಲೂಥರನ್ ಹುಡುಗರು 1925ರಲ್ಲಿ ‘ಬೀಟಾ ಸಿಗ್ಮಾ ಸೈ’ ಕಟ್ಟಿದ್ದು ಈ ಸನ್ನಿವೇಶದಲ್ಲಿ. ಮುಂದೆ ಇಂಡಿಯಾನಾದ ಪರ್ಡ್ಯೂ, ನೆಬ್ರಾಸ್ಕಾ, ಅಯೋವಾ ಸ್ಟೇಟ್, ಕಾನ್ಸಾಸ್ ಸ್ಟೇಟ್‌ಗಳಲ್ಲಿ ಅದರ ಶಾಖೆಗಳಾದವು. ಇವೆಲ್ಲವೂ ಆ ಕಾಯ್ದೆಯ ನೆರವು ಪಡೆದ ಸರಕಾರಿ ವಿಶ್ವವಿದ್ಯಾಲಯಗಳೇ. ಅಥಣಿಯ ಕಬ್ಬಿನ ಹೊಲದಿಂದ, ಇಂಡಿಯ ನಿಂಬೆ ತೋಟದಿಂದ ಊರಿನ ಕಾಲೇಜಿಗೆ ಬರುವ ನಮ್ಮ ಹುಡುಗನ ಸ್ಥಿತಿಯೂ ಇದೇ.

ಅಂಥ ಮನೆ ನಡೆಯುವ ಬಗೆಯನ್ನು ಬಿಡಿಸಿ ಹೇಳಬೇಕು, ನಮಗೆ ಕಲಿಯುವುದು ಇರುವುದು ಅಲ್ಲಿಯೇ. ಸಾಮಾನ್ಯವಾಗಿ ಕಟ್ಟಡದ ಒಡೆತನ ಹಳೆಯ ಸದಸ್ಯರು ಕಟ್ಟಿಕೊಂಡ ಒಂದು ಪ್ರತ್ಯೇಕ ಸಂಸ್ಥೆಯದು. ಚಾವಣಿ, ಕೊಳವೆ, ವಿಮೆ, ಸಾಲದ ಕಂತು ಅವರ ಜವಾಬ್ದಾರಿ. ಒಳಗಿನ ದಿನನಿತ್ಯದ ಬಾಳು ಈಗಿರುವ ಹುಡುಗರದು. ಅವರು ತಮ್ಮೊಳಗೇ ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ, ಕಾರ್ಯದರ್ಶಿ, ಅಡಿಗೆ-ಉಗ್ರಾಣ ನೋಡುವವ, ಓದಿನ ಕಡೆ ಗಮನ ಇಡುವವ, ಪ್ರಾರ್ಥನೆ ನಡೆಸುವವ ಎಂದು ಆರಿಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಸಭೆ. ಹಿಂದಿನ ಸಭೆಯ ನಡಾವಳಿ ಓದಿ, ಲೆಕ್ಕ ಓದಿ, ಠರಾವು ಮಂಡಿಸಿ, ಮತ ಹಾಕಿ ತೀರ್ಮಾನ. ಪ್ರತಿ ಸೆಮಿಸ್ಟರಿಗೆ ಮನೆಯ ಶುಲ್ಕ ಇಷ್ಟು ಎಂದು ಗೊತ್ತು ಮಾಡಿ, ವಸೂಲಿ ಮಾಡುವವನೂ ಹತ್ತೊಂಬತ್ತು-ಇಪ್ಪತ್ತರ ಹುಡುಗನೇ. ಹಣ ಕಟ್ಟದ ಗೆಳೆಯನ ಬಾಗಿಲು ಬಡಿದು ಕೇಳುವುದು ಎಷ್ಟು ಕಷ್ಟ ಎಂಬುದು ಆತನಿಗೆ ಅಲ್ಲಿಯೇ ಗೊತ್ತಾಗುತ್ತದೆ. ಹೊಸದಾಗಿ ಸೇರಿದವನಿಗೆ ಒಬ್ಬ ‘ದೊಡ್ಡಣ್ಣ’ನನ್ನು ಗೊತ್ತು ಮಾಡುತ್ತಾರೆ. ಯಾವ ವಿಷಯಕ್ಕೆ ಯಾವಾಗ ಕೂತು ಓದಬೇಕು, ಯಾವ ಪ್ರಾಧ್ಯಾಪಕರನ್ನು ಹೇಗೆ ಕಾಣಬೇಕು ಎಂಬುದರಿಂದ ಹಿಡಿದು ಬಟ್ಟೆ ಒಗೆಯುವ ಯಂತ್ರದವರೆಗೆ ತೋರಿಸಿಕೊಡುವುದು ಈ ದೊಡ್ಡಣ್ಣನ ಕೆಲಸ.

ಪಾದ್ರಿ ಇಲ್ಲದಿದ್ದರೂ ಹುಡುಗರೇ ಪ್ರಾರ್ಥನೆ ನಡೆಸಬಹುದೇ? ಲೂಥರ್ ಒತ್ತಿ ಹೇಳಿದ ಮಾತುಗಳಲ್ಲಿ ಒಂದು, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬನೂ ದೇವರ ಮುಂದೆ ಯಾಜಕನೇ ಎಂಬುದು. ಚರ್ಚಿನ ಸಂಸ್ಕಾರಗಳಿಗೆ ಪಾದ್ರಿ ಬೇಕು. ಬೈಬಲಿನ ವಚನ ಓದಿ, ನಾಲ್ಕು ಮಾತು ಆಡಿ, ಕೈಮುಗಿಯುವುದಕ್ಕೆ ಯಾರಾದರೂ ಸಾಕು. 1529ರಲ್ಲಿ ಆತ ಮನೆಯ ಯಜಮಾನರಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಬೆಳಗಿನ, ರಾತ್ರಿಯ, ಊಟದ ಪ್ರಾರ್ಥನೆಗಳೂ ಇವೆ. ಬೆಳಗಿನದು ಮುಗಿದ ಮೇಲೆ ಒಂದು ಹಾಡು ಹೇಳಿಕೊಂಡು ಸಂತೋಷದಿಂದ ಕೆಲಸಕ್ಕೆ ಹೋಗು ಎನ್ನುತ್ತಾನೆ. ರಾತ್ರಿಯದು ಮುಗಿದ ಮೇಲೆ ಹಗುರ ಮನಸ್ಸಿನಿಂದ ತಕ್ಷಣ ಮಲಗು ಎನ್ನುತ್ತಾನೆ. ರಾತ್ರಿ ಎರಡರವರೆಗೆ ಮೊಬೈಲ್ ಹಿಡಿದು ಕೂರುವ ಹುಡುಗರ ನಿಲಯದಲ್ಲಿ ಈ ಕೊನೆಯ ಸೂಚನೆಯನ್ನು ಗೋಡೆಗೆ ಬರೆಸಬೇಕು ಅನ್ನಿಸುತ್ತದೆ.

ಅಲ್ಲಿ ಕೆಡುವುದೂ ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ಫ್ರಾಟರ್ನಿಟಿ ಲೋಕದ ದೊಡ್ಡ ರೋಗ ‘ಹೇಜಿಂಗ್’. ಹೊಸ ಹುಡುಗರಿಗೆ ಬಲವಂತವಾಗಿ ಕುಡಿಸುವುದು, ನಿದ್ದೆಗೆಡಿಸುವುದು, ಅವಮಾನ ಮಾಡುವುದು. ಇದರಿಂದ ಹುಡುಗರು ಸತ್ತಿದ್ದಾರೆ. ವಿಶ್ವವಿದ್ಯಾಲಯಗಳು ಇಂಥ ಪ್ರಕರಣಗಳನ್ನು ಬಹಿರಂಗಪಡಿಸಲೇಬೇಕು ಎಂದು 2024ರ ಡಿಸೆಂಬರಿನಲ್ಲಿ ಅಲ್ಲಿ ಕೇಂದ್ರ ಕಾನೂನೇ ಬಂತು. ರೋಗದ ಬೇರು ಸರಳವಾದದ್ದು: ‘ನಾನು ಅನುಭವಿಸಿದ್ದೇನೆ, ನೀನೂ ಅನುಭವಿಸು.’ ಧರ್ಮದ ಹೆಸರಿದ್ದ ಮಾತ್ರಕ್ಕೆ ಯಾವ ಮನೆಯೂ ಇದರಿಂದ ತಾನಾಗಿ ಪಾರಾಗುವುದಿಲ್ಲ. ಹೊಸಬನ ಮೊದಲ ಆರು ವಾರ ಯಾರ ಕೈಯಲ್ಲಿದೆ ಎಂಬುದೇ ಅಲ್ಲಿಯೂ ಇಲ್ಲಿಯೂ ನಿರ್ಣಾಯಕ.

ಈಗ ನಮ್ಮ ಕಡೆಗೆ ಬರೋಣ. ಕಲಿಯಲು ಊರಿಗೆ ಬಂದ ಹಳ್ಳಿ ಹುಡುಗನಿಗೆ ಒಂದು ಕಾಲಕ್ಕೆ ಬಾಡಿಗೆ ಕೋಣೆಯೂ ಸಿಗುತ್ತಿರಲಿಲ್ಲ, ಖಾನಾವಳಿಯಲ್ಲಿ ಊಟವೂ ಸಿಗುತ್ತಿರಲಿಲ್ಲ. ಜಾತಿ ಅಡ್ಡ ಬರುತ್ತಿತ್ತು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ಬೋರ್ಡಿಂಗ್ ತೆರೆಸಿದ್ದು ಇದನ್ನು ಕಂಡೇ. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ., ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆಗಳು ಹುಟ್ಟಿದವು. ಶಾಲೆ ಕಟ್ಟಿದರೆ ಸಾಲದು, ಹುಡುಗ ಉಳಿಯಲು ಜಾಗವೂ ಬೇಕು. ಆ ಅರ್ಧ ಕೆಲಸವನ್ನು ಮಠಗಳು ಹೊತ್ತವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮೀಜಿ, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮೀಜಿ ಹಳ್ಳಿ ಹಳ್ಳಿ ತಿರುಗಿ, ಜೋಳ, ಬೇಳೆ ಕೂಡಿಸಿ ಉಚಿತ ಪ್ರಸಾದ ನಿಲಯ ನಡೆಸಿದರು. ಬೆಳಗಾವಿಯ ಶಿವಬಸವ ನಗರ ಆ ಸ್ವಾಮೀಜಿಯ ಹೆಸರಿನದೇ. ಇಷ್ಟು ದೊಡ್ಡ ಪುಣ್ಯದ ಕೆಲಸ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ.

ಕೊರತೆ ಇರುವುದು ಒಂದೇ ಕಡೆ. ನಮ್ಮ ನಿಲಯದಲ್ಲಿ ಹುಡುಗ ಉಣ್ಣುವವನು, ಅಷ್ಟೇ. ಉಗ್ರಾಣದ ಕೀಲಿ ವಾರ್ಡನ್ನರ ಸೊಂಟದಲ್ಲಿ, ಲೆಕ್ಕದ ವಹಿ ಆಡಳಿತ ಮಂಡಳಿಯ ಕಪಾಟಿನಲ್ಲಿ. ಬೇಳೆ ನೀರಾದರೆ, ನಲ್ಲಿ ಸೋರಿದರೆ “ಅಜ್ಜಾರು ನೋಡ್ಕೋತಾರ” ಎಂದು ಸುಮ್ಮನಿರುತ್ತಾನೆ, ಇಲ್ಲವೇ ತಾಟು ಬಡಿದು ಗಲಾಟೆ ಮಾಡುತ್ತಾನೆ. ಮೂರು ವರ್ಷ ಉಂಡು ಹೋದವನಿಗೆ ನಲವತ್ತು ಜನಕ್ಕೆ ಎಷ್ಟು ಬೇಳೆ ಬೇಕು ಎಂಬುದು ಗೊತ್ತಿರುವುದಿಲ್ಲ. ದಾಸೋಹದಲ್ಲಿ ಉಣ್ಣುವುದಷ್ಟೇ ಅಲ್ಲ, ಬಡಿಸುವುದೂ ಸೇರಿದೆ. ಆ ಎರಡನೆಯ ಅರ್ಧವನ್ನು ಹುಡುಗನಿಗೆ ಕೊಡಬೇಕಾದರೆ ಕೀಲಿ ಆತನ ಕೈಗೆ ಹೋಗಬೇಕು. ನಲವತ್ತು ಹುಡುಗರ ನಿಲಯವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಉಗ್ರಾಣ. ಕೈಗೆ ಹತ್ತುವ ಲೆಕ್ಕ ಇದ್ದರೆ ಅರ್ಧ ಜಗಳ ಕಡಿಮೆ. ಒಂದು ಕಿಲೋ ಜೋಳದ ಹಿಟ್ಟಿಗೆ 12ರಿಂದ 13 ರೊಟ್ಟಿ ಬರುತ್ತವೆ. ತಲೆಗೆ ಮೂರು ಹಿಡಿದರೆ ಒಂದು ಹೊತ್ತಿಗೆ 120 ರೊಟ್ಟಿ, ಅಂದರೆ ಹತ್ತು ಕಿಲೋ ಹಿಟ್ಟು. ಕೈ ಪಳಗಿದ ಇಬ್ಬರು ಅಕ್ಕಾರು ಇದ್ದರೆ ಎರಡು ತಾಸಿನ ಕೆಲಸ. ವರ್ಷದಲ್ಲಿ 250 ದಿನ, ದಿನಕ್ಕೆ ಒಂದು ಹೊತ್ತು ರೊಟ್ಟಿ ಎಂದರೂ 25 ಕ್ವಿಂಟಲ್ ಜೋಳ ಬೇಕು. ಹಿಂಗಾರಿ ಬಿಳಿಜೋಳ ರಾಶಿಯಾಗಿ ಪೇಟೆಗೆ ಬರುವ ಫೆಬ್ರವರಿ-ಮಾರ್ಚಿನಲ್ಲೇ ಅದನ್ನು ತೆಗೆದುಕೊಳ್ಳಬೇಕು. ಕಾಲೇಜು ಸುರುವಾದ ಮೇಲೆ ಕೊಳ್ಳಲು ಹೋದರೆ ದರವೂ ಹೆಚ್ಚು, ಕಾಳಿನ ಗುಣವೂ ಕಡಿಮೆ. ಬಿಸಿಲಿಗೆ ಎರಡು ದಿನ ಹರವಿ, ಕಾಳು ಹಲ್ಲಿಗೆ ಕಟ್ಟನೆ ಮುರಿಯುವಷ್ಟು ಒಣಗಿದ ಮೇಲೆ ಚೀಲಕ್ಕೆ ತುಂಬಿ, ನಡುನಡುವೆ ಒಣ ಬೇವಿನ ಎಲೆ ಹಾಕಿ, ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಬೇಕು. ಗೋಡೆಗೆ ಆತುಕೊಂಡ ಚೀಲ ಮಳೆಗಾಲದಲ್ಲಿ ತಂಪು ಹಿಡಿಯುತ್ತದೆ, ನುಸಿ ಸುರುವಾಗುವುದು ಅಲ್ಲಿಂದಲೇ. ಇನ್ನೊಂದು, ಒಮ್ಮೆಲೇ ಎರಡು ಚೀಲ ಬೀಸಿಸಿ ಇಡುವ ಸೋಮಾರಿತನ ಬೇಡ. ಜೋಳದ ಹಿಟ್ಟು ಹಳೆಯದಾದಷ್ಟೂ ಜಿಗಿ ಕಳೆದುಕೊಳ್ಳುತ್ತದೆ. ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಹಂಚಿನ ಮೇಲೆ ಒಡೆಯುತ್ತದೆ. ಹುಡುಗರು ಅಡಿಗೆಯವರನ್ನು ಬೈಯುತ್ತಾರೆ, ತಪ್ಪು ಗಿರಣಿಗೆ ಹೋಗದವನದು. ನಾಲ್ಕೈದು ದಿನಕ್ಕಾಗುವಷ್ಟು ಮಾತ್ರ ಬೀಸಿಸಬೇಕು. ನಲವತ್ತು ಜನಕ್ಕೆ ಅದು 40ರಿಂದ 50 ಕಿಲೋ.

ಅಕ್ಕಿ ತಲೆಗೆ ನೂರು ಗ್ರಾಂ, ಅಂದರೆ ಹೊತ್ತಿಗೆ ನಾಲ್ಕು ಕಿಲೋ. ತೊಗರಿಬೇಳೆ ತಲೆಗೆ 35 ಗ್ರಾಂ, ಹೊತ್ತಿಗೆ 1.4 ಕಿಲೋ. ಎರಡು ಹೊತ್ತು ಸಾರು ಇದ್ದರೆ ವಾರಕ್ಕೆ 20 ಕಿಲೋ ಹತ್ತಿರ. ಕಾಯಿಪಲ್ಲೆ ತಲೆಗೆ ನೂರರಿಂದ ನೂರಿಪ್ಪತ್ತು ಗ್ರಾಂ. ಶೇಂಗಾ ಹಿಂಡಿ, ಮಜ್ಜಿಗೆ ಇದ್ದರೆ ಪಲ್ಲೆ ಸ್ವಲ್ಪ ಕಡಿಮೆಯಾದರೂ ಹುಡುಗರು ಸಹಿಸುತ್ತಾರೆ, ಎರಡೂ ಇಲ್ಲದ ದಿನ ಸಹಿಸುವುದಿಲ್ಲ. ಪ್ರತಿ ರವಿವಾರ ಬೆಳಿಗ್ಗೆ ಇಬ್ಬರು ಹುಡುಗರು ಕೂಡಿ ಉಗ್ರಾಣ ತೂಗಬೇಕು. ಹೋದ ವಾರದ ಉಳಿಕೆಗೆ ಈ ವಾರ ಕೊಂಡದ್ದನ್ನು ಕೂಡಿಸಿ, ಈಗಿನ ಉಳಿಕೆ ಕಳೆದರೆ ಖರ್ಚಾದದ್ದು ಸಿಗುತ್ತದೆ. 20 ಕಿಲೋ ಆಗಬೇಕಾದ ಬೇಳೆ 26 ಆಗಿದ್ದರೆ ಕೂಡಲೇ ಅಡಿಗೆಯವರ ಮೇಲೆ ಅನುಮಾನ ಪಡಬೇಡಿ. ಹೆಚ್ಚಿನ ಸಲ ಕಾರಣ ಕೈ ಅಳತೆ. ಬೆಳಗಿನವರು ಒಂದು ಬಟ್ಟಲು ಹಿಡಿದರೆ, ಸಂಜೆಯವರು ಇನ್ನೊಂದು ಹಿಡಿಯುತ್ತಾರೆ. ಒಂದೇ ಅಳತೆಯ ಡಬ್ಬಿ ಗೊತ್ತು ಮಾಡಿ, ಮುಂದಿನ ವಾರವೂ ಹೆಚ್ಚಾದರೆ ಆಮೇಲೆ ಕೇಳಬಹುದು. ಇಪ್ಪತ್ತು ವರ್ಷದ ಹುಡುಗ ತಾಯಿ ವಯಸ್ಸಿನ ಅಕ್ಕಾರಿಗೆ ಲೆಕ್ಕ ಕೇಳುವಾಗ ಧ್ವನಿ ಹೇಗಿರಬೇಕು ಎಂಬುದೂ ಕಲಿಕೆಯೇ.

ಉಗ್ರಾಣಕ್ಕೆ ಎರಡು ಕೀಲಿ ಹಾಕಿ. ಒಂದು ಕೀಲಿ ಆ ತಿಂಗಳ ಮೆಸ್ ಕಾರ್ಯದರ್ಶಿಯ ಹತ್ತಿರ, ಇನ್ನೊಂದು ವಾರ್ಡನ್ನರ ಹತ್ತಿರವೋ ಮತ್ತೊಬ್ಬ ಹುಡುಗನ ಹತ್ತಿರವೋ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯಬೇಕು. ಇದು ಅಪನಂಬಿಕೆಯ ಕುರುಹಲ್ಲ. ಒಬ್ಬನ ಮೇಲೆ ಅಪವಾದ ಬರದಂತೆ ಕಾಯುವ ಉಪಾಯ.

ಉಚಿತ ನಿಲಯ ಅಲ್ಲದಿದ್ದರೆ, ಹಂಚಿಕೆಯ ಮೆಸ್ಸೇ ಒಳ್ಳೆಯದು. ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟದ ದಿನಗಳಿಂದ ಭಾಗಿಸಬೇಕು. ಉದಾಹರಣೆಗೆ, ನಲವತ್ತು ಜನ, ಮೂವತ್ತು ದಿನ, 1,200 ದಿನಗಳಾದವು. ಊರಿಗೆ ಹೋದವರ 120 ದಿನ ಕಳೆದರೆ 1,080. ಖರ್ಚು 75,600 ರೂಪಾಯಿ ಆಗಿದ್ದರೆ ದಿನಕ್ಕೆ 70 ರೂಪಾಯಿ. ಇಲ್ಲಿ ಗದ್ದಲ ಏಳುವುದು ಗೈರುಹಾಜರಿಯ ಮೇಲೆ. ಹೋಗುವ ಹಿಂದಿನ ರಾತ್ರಿ ಎಂಟರೊಳಗೆ ವಹಿಯಲ್ಲಿ ಬರೆಯದವನ ದಿನ ಕಡಿತವಾಗಬಾರದು, ಸತತ ಮೂರು ದಿನಕ್ಕಿಂತ ಕಡಿಮೆ ರಜೆಯೂ ಕಡಿತವಾಗಬಾರದು. ಇದನ್ನು ಪ್ರವೇಶದ ದಿನವೇ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಅತಿಥಿ ಊಟಕ್ಕೆ ಕೂಪನ್ ಇರಲಿ. ಅಪ್ಪ-ಅವ್ವ ಬಂದರೆ ಒಂದು ಹೊತ್ತು ನಿಲಯದ ಕಡೆಯಿಂದ. ಊರಿಂದ ಬಂದ ತಂದೆಯ ಕೈಯಲ್ಲಿ ಕೂಪನ್ನಿಗೆ ದುಡ್ಡು ಎಣಿಸಿಕೊಳ್ಳುವ ನಿಲಯ ನಿಲಯವಲ್ಲ.

ಮೆಸ್ ಮುಳುಗುವುದು ಉದ್ರಿಯಿಂದ. ಕಿರಾಣಿ ಅಂಗಡಿಯವರು ಒಳ್ಳೆಯವರು, ಬರೆದಿಟ್ಟುಕೊಳ್ಳುತ್ತಾರೆ. ಮೂರನೆಯ ತಿಂಗಳಿಗೆ ಬಾಕಿ ಐವತ್ತು ಸಾವಿರ ದಾಟುತ್ತದೆ. ಆ ಹೊತ್ತಿಗೆ ಮೊದಲ ತಿಂಗಳ ಕಾರ್ಯದರ್ಶಿ ಬದಲಾಗಿರುತ್ತಾನೆ, ಯಾರ ಕಾಲದ ಬಾಕಿ ಎಂದು ಯಾರಿಗೂ ತಿಳಿಯದು. ಹಾಗಾಗಿ ತಿಂಗಳ ಕೊನೆಯ ದಿನ ಅಂಗಡಿಯ ವಹಿ ಮತ್ತು ಮೆಸ್ ವಹಿ ಎದುರುಬದರು ಇಟ್ಟು ತಾಳೆ ನೋಡಿ, ಬಾಕಿ ಸೊನ್ನೆ ಮಾಡಿಯೇ ಕೀಲಿ ದಾಟಿಸಬೇಕು. ಇದು ಸಾಧ್ಯವಾಗಬೇಕಾದರೆ ಪ್ರತಿಯೊಬ್ಬನಿಂದ ಮೊದಲೇ ಒಂದು ತಿಂಗಳ ಖರ್ಚಿನಷ್ಟು ಠೇವಣಿ ಕಟ್ಟಿಸಿಕೊಂಡಿರಬೇಕು.

ಹುದ್ದೆಗಳನ್ನು ತುಂಬುವುದರಲ್ಲಿ ಅಮೆರಿಕದವರ ಪದ್ಧತಿಯನ್ನು ಹಾಗೆಯೇ ತಂದರೆ ಇಲ್ಲಿ ಕೆಡುತ್ತದೆ. ಚುನಾವಣೆ ಎಂದ ಕೂಡಲೇ ನಮ್ಮ ಹುಡುಗರು ತಾಲೂಕಿನ ಮೇಲೆ ಒಡೆಯುತ್ತಾರೆ. ಗೋಕಾಕದವರದು ಒಂದು ಗುಂಪು, ರಾಯಬಾಗದವರದು ಇನ್ನೊಂದು. ವಿಜಯಪುರದಲ್ಲಾದರೆ ಸಿಂದಗಿ, ಇಂಡಿ, ಮುದ್ದೇಬಿಹಾಳ. ಹೆಚ್ಚು ಹುಡುಗರಿರುವ ತಾಲೂಕು ಪ್ರತಿ ಸಲ ಗೆಲ್ಲುತ್ತದೆ. ಆದ್ದರಿಂದ ಮೆಸ್ ಕಾರ್ಯದರ್ಶಿ ಸರದಿಯ ಮೇಲೆ ಬರಲಿ, ತಿಂಗಳಿಗೊಬ್ಬ, ಎರಡನೆಯ ವರ್ಷದ ಹುಡುಗರಿಂದ. ಖಜಾಂಚಿಯನ್ನು ಮಾತ್ರ ಆರಿಸಬೇಕು, ಅದೂ ಗುಪ್ತ ಚೀಟಿಯಿಂದ, ಒಂದು ವರ್ಷಕ್ಕೆ. ಕೊನೆಯ ವರ್ಷದವರಿಗೆ ಖಜಾನೆ ಕೊಡಬೇಡಿ. ಪರೀಕ್ಷೆ, ಪ್ರಾಜೆಕ್ಟ್, ಸಂದರ್ಶನ ಎಂದು ಮಾರ್ಚಿನಿಂದ ಅವರು ಕೈಗೆ ಸಿಗುವುದಿಲ್ಲ, ವಹಿ ಅರ್ಧಕ್ಕೆ ನಿಲ್ಲುತ್ತದೆ. ಬ್ಯಾಂಕ್ ಖಾತೆ ಎರಡು ಸಹಿಯದಿರಲಿ, ಒಂದು ಹುಡುಗನದು, ಒಂದು ಹಿರಿಯರದು. ಒಬ್ಬನ ವೈಯಕ್ತಿಕ ಮೊಬೈಲಿನ ಯುಪಿಐಗೆ ಎಲ್ಲರೂ ಹಣ ಹಾಕುವ ಈಗಿನ ರೂಢಿ ಅತ್ಯಂತ ಅಪಾಯಕಾರಿ. ಆತ ಪ್ರಾಮಾಣಿಕನೇ ಇರಬಹುದು. ಮೆಸ್ಸಿನ ಹಣ, ಆತನ ರೀಚಾರ್ಜ್ ಹಣ, ಊರಿನಿಂದ ಬಂದ ಹಣ ಒಂದೇ ಕಡೆ ಬೆರೆತ ಮೇಲೆ ಪ್ರಾಮಾಣಿಕನೂ ಲೆಕ್ಕ ಕೊಡಲಾರ.

ವಾರದ ಸಭೆಯನ್ನು ನಲವತ್ತು ನಿಮಿಷಕ್ಕೆ ಮುಗಿಸಿ. ನಡಾವಳಿ ಬರೆಯುವವ ಪ್ರತಿ ವಾರ ಬೇರೆ ಹುಡುಗನಿರಲಿ. ಕನ್ನಡದಲ್ಲಿ ಹತ್ತು ಸಾಲು, ನಡೆದದ್ದನ್ನು ನಡೆದ ಹಾಗೆ ಬರೆಯುವುದು ಎಷ್ಟು ಕಷ್ಟ ಎಂಬುದು ಬರೆದಾಗಲೇ ತಿಳಿಯುತ್ತದೆ. ಮುಂದೆ ಗ್ರಾಮ ಪಂಚಾಯಿತಿಯಲ್ಲೋ ಸಹಕಾರಿ ಸಂಘದಲ್ಲೋ ಕೂರುವ ಹುಡುಗರು ಇವರೇ ಅಲ್ಲವೇ?

ಕಸ ಗುಡಿಸುವುದು, ಪಾತ್ರೆ, ಶೌಚಾಲಯ. ಈ ಸಂಗತಿಯಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಚಮ್ಮಾರನ ಕೆಲಸವೂ ಮನೆಗೆಲಸದವಳ ಕೆಲಸವೂ ಸನ್ಯಾಸಿಯ ಜಪಕ್ಕಿಂತ ಕಡಿಮೆಯದಲ್ಲ ಎಂದು ಲೂಥರ್ ವಾದಿಸಿದ. ಅದಕ್ಕೂ ನಾಲ್ಕು ಶತಮಾನ ಮೊದಲು ಕಾಯಕದ ಮಾತನ್ನು ಬಸವಣ್ಣನವರು ಕಲ್ಯಾಣದಲ್ಲಿ ಆಡಿಯಾಗಿತ್ತು. ಇವೆರಡೂ ಪೂರ್ತಿ ಒಂದೇ ಅಲ್ಲ, ಒಂದೇ ಎಂದು ಸಮೀಕರಿಸಲು ಹೋಗುವುದಿಲ್ಲ. ಆದರೆ ಇಬ್ಬರ ಹೆಸರು ಹೇಳುವ ಮನೆಯಲ್ಲೂ ಶೌಚಾಲಯ ತೊಳೆಯುವುದು ಶಿಕ್ಷೆಯಾಗಬಾರದು. ತಡವಾಗಿ ಬಂದವನಿಗೆ ಶೌಚಾಲಯ ತೊಳೆಯುವ ಶಿಕ್ಷೆ ಕೊಟ್ಟ ದಿನವೇ ಆ ಕೆಲಸ ಕೀಳು ಎಂದು ನೀವೇ ಸಾರಿದಂತಾಯಿತು. ಸರದಿ ಪಟ್ಟಿಯಲ್ಲಿ ಎಲ್ಲರ ಹೆಸರೂ ಬರಲಿ, ಖಜಾಂಚಿಯದು ಮೊದಲ ವಾರದಲ್ಲೇ ಬರಲಿ. ‘ಇದು ನಮ್ಮ ಜಾತಿಯ ಕೆಲಸವಲ್ಲ’ ಎಂಬುದನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ, ಸರದಿಯ ದಿನ ಊರಿಗೆ ಹೋಗಿ ತೋರಿಸುತ್ತಾರೆ. ಹೋದವನ ಸರದಿ ರದ್ದಾಗದೆ ಬಂದ ಮರುದಿನಕ್ಕೆ ಮುಂದೆ ಹೋಗಬೇಕು. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಪಟ್ಟಿ, ಉದ್ದ ಹಿಡಿಯ ಬ್ರಷ್ಷು, ರಬ್ಬರ್ ಕೈಗವಸು, ಫಿನೈಲ್ ಇವು ಯಾವಾಗಲೂ ಜಾಗದಲ್ಲಿರಲಿ. ಸಾಮಾನು ಇಲ್ಲ ಎಂಬುದೇ ಮೊದಲ ನೆಪ. ನಾಲ್ಕು ಶೌಚಾಲಯ ಇದ್ದರೆ ಇಬ್ಬರಿಗೆ ಇಪ್ಪತ್ತೈದು ನಿಮಿಷದ ಕೆಲಸ.

ಪ್ರಾರ್ಥನೆಯ ಬಗ್ಗೆ. ನಮ್ಮ ನಿಲಯಗಳಲ್ಲಿ ಸಂಜೆಯ ಪ್ರಾರ್ಥನೆ ಹಾಜರಿ ಕೂಗುವ ಸಮಯವಾಗಿ ಉಳಿದಿರುವುದು ನೋವಿನ ಸಂಗತಿ. ಹೆಸರು ಕೂಗಿದ ಮೇಲೆ ಅರ್ಧ ಜನರ ಕೈ ಮೊಬೈಲಿಗೆ ಹೋಗುತ್ತದೆ. ಹಾಜರಿಯನ್ನು ಊಟದ ಹೊತ್ತಿಗೆ ತೆಗೆದುಕೊಂಡು ಪ್ರಾರ್ಥನೆಯನ್ನು ಬಿಡುಗಡೆ ಮಾಡಿ. ಹದಿನೈದು ನಿಮಿಷ ಸಾಕು. ಒಂದು ವಚನ, ಆ ದಿನದ ಸರದಿಯ ಹುಡುಗನಿಂದ ಮೂರು ನಿಮಿಷದ ಮಾತು, ಒಂದು ಹಾಡು, ಒಂದು ನಿಮಿಷ ಮೌನ. ವಚನವನ್ನು ಹಿಂದಿನ ದಿನವೇ ಕೊಟ್ಟಿರಬೇಕು, ಇಲ್ಲವಾದರೆ ಮೊಬೈಲ್ ತೆಗೆದು ಅರ್ಥ ಓದಿಬಿಡುತ್ತಾರೆ. ‘ಈ ವಚನದ ಯಾವ ಶಬ್ದ ನಿನಗೆ ಅರ್ಥವಾಗಲಿಲ್ಲ’ ಎಂದು ಕೇಳುವುದು ಒಳ್ಳೆಯ ಆರಂಭ. ಬೇರೆ ಧರ್ಮದ ಹುಡುಗ ನಿಲಯದಲ್ಲಿದ್ದರೆ ಆತ ಕೂರಲೇಬೇಕು ಎಂಬ ಒತ್ತಾಯ ಬೇಡ. ಕೂತರೆ ಆತನ ಸರದಿಯ ದಿನ ಆತನ ಗ್ರಂಥದಿಂದ ಓದಲಿ. ಅಮೆರಿಕದ ಲೂಥರನ್ನರಲ್ಲಿಯೂ ಒಂದೇ ಸಭೆ, ಅಂದರೆ ಚರ್ಚುಗಳ ಒಂದೇ ಒಕ್ಕೂಟ, ಇಲ್ಲ. ಮಿಸೌರಿ ಸಿನಡ್ ಎಂಬ ಸಭೆಯವರು ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುವುದಿಲ್ಲ, 1988ರಲ್ಲಿ ಹಲವು ಸಭೆಗಳು ಕೂಡಿ ಆದ ಇನ್ನೊಂದು ದೊಡ್ಡ ಸಭೆ ಕೊಡುತ್ತದೆ. ಚರ್ಚಿನ ಪ್ರಭು ಭೋಜನ ಸಂಸ್ಕಾರದ ಪಂಕ್ತಿಗೆ ಯಾರು ಬರಬಹುದು ಎಂಬುದರಲ್ಲೂ ಭಿನ್ನಮತ. ಒಂದೇ ಹೆಸರಿನ ಕೆಳಗೆ ಇಷ್ಟು ಬೇರೆ ನಂಬಿಕೆಯ ಹುಡುಗರು ಕೂಡಿ ಇರಬಹುದಾದರೆ, ಲಿಂಗಾಯತ, ಕುರುಬ, ಮರಾಠ, ಜೈನ, ಮುಸ್ಲಿಂ, ದಲಿತ ಹುಡುಗರು ಒಂದು ನಿಲಯದಲ್ಲಿ ಇರಲು ಅಡ್ಡಿ ಏನು? ಸಮುದಾಯಕ್ಕೊಂದು ಬೋರ್ಡಿಂಗ್ 1901ರಲ್ಲಿ ಅನಿವಾರ್ಯವಿತ್ತು. ಇಂದು ಪ್ರತಿ ನಿಲಯವೂ ಒಂದಷ್ಟು ಕೋಣೆಗಳನ್ನಾದರೂ ಎಲ್ಲರಿಗೂ ತೆರೆದಿಡಬೇಕು ಎಂಬುದು ನನ್ನ ನಿಲುವು. ಅದೂ ಮೂಲೆಯ ಕೋಣೆ ಬೇರೆಯಾಗಿ ಕೊಟ್ಟಲ್ಲ, ಕೋಣೆಯೊಳಗೆ ಬೆರೆಸಿ.

ಹೊಸಬರ ವಿಷಯದಲ್ಲಿ ದೊಡ್ಡಣ್ಣನ ಪದ್ಧತಿಯನ್ನು ತರಬೇಕು, ಆದರೆ ಜೋಡಿಯನ್ನು ಹುಡುಗರೇ ಆರಿಸಿಕೊಳ್ಳಲು ಬಿಡಬಾರದು. ಬಿಟ್ಟರೆ ಅದೇ ತಾಲೂಕು, ಅದೇ ಮನೆತನ. ಹಿರಿಯರು ಬೇರೆ ತಾಲೂಕಿನ, ಸಾಧ್ಯವಾದರೆ ಅದೇ ಕೋರ್ಸಿನ, ಎರಡು ವರ್ಷ ದೊಡ್ಡವನನ್ನು ಗೊತ್ತು ಮಾಡಬೇಕು. ಒಂದೇ ವರ್ಷ ದೊಡ್ಡವನು ಬೇಡ. ಹೋದ ವರ್ಷ ತಾನು ಹೊಸಬನಾಗಿದ್ದವನಲ್ಲೇ ಸೇಡಿನ ಬುದ್ಧಿ ಹೆಚ್ಚು. ಮೊದಲ ಆರು ವಾರ ಆತ ವಾರಕ್ಕೊಮ್ಮೆ ಹೊಸಬನ ಜೊತೆ ಕೂತು ಉಣ್ಣಬೇಕು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಎಂಜಿನಿಯರಿಂಗಿನ ಮೊದಲ ಆಂತರಿಕ ಪರೀಕ್ಷೆಯಲ್ಲಿ ಬಿದ್ದಾಗ ಮೂರು ದಿನ ಯಾರ ಜೊತೆಯೂ ಮಾತಾಡುವುದಿಲ್ಲ, ಊಟಕ್ಕೆ ಬರುವುದಿಲ್ಲ, ಚೀಲ ಕಟ್ಟಿ ಊರಿಗೆ ಹೊರಡುತ್ತಾನೆ. ಇದನ್ನು ವಾರ್ಡನ್ನರು ಗಮನಿಸುವ ಮೊದಲು ದೊಡ್ಡಣ್ಣ ಗಮನಿಸುತ್ತಾನೆ. ಊಟದ ಹಾಜರಿ ವಹಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹೇಳದೆ ಸತತ ಎರಡು ಹೊತ್ತು ತಪ್ಪಿಸಿದ ಹುಡುಗನ ಕೋಣೆಗೆ ಯಾರಾದರೂ ಹೋಗಲೇಬೇಕು ಎಂಬ ನಿಯಮ ಇಟ್ಟುಕೊಳ್ಳಿ.

ರ‍್ಯಾಗಿಂಗ್ ವಿಷಯದಲ್ಲಿ ‘ನಾವು ನಾವೇ ಬಗೆಹರಿಸಿಕೊಳ್ಳೋಣ’ ಎಂಬ ಮಾತಿಗೆ ಜಾಗ ಇಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲಿ ಅದು ಶಿಕ್ಷಾರ್ಹ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಗಳು ಹಾಸ್ಟೆಲಿಗೂ ಅನ್ವಯಿಸುತ್ತವೆ. ಸಹಾಯವಾಣಿ 1800-180-5522 ಅನ್ನು ಊಟದ ಮನೆಯಲ್ಲಿ ಅಲ್ಲ, ಸ್ನಾನದ ಮನೆಯ ಬಾಗಿಲ ಒಳಬದಿಗೆ ಅಂಟಿಸಿ. ಹೆದರಿದ ಹುಡುಗ ಆ ನಂಬರನ್ನು ಎಲ್ಲರ ಎದುರು ನಿಂತು ಬರೆದುಕೊಳ್ಳುವುದಿಲ್ಲ.

ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಕೂಡುತ್ತಾರೆ, ಶಾಲು ಹೊದಿಸುತ್ತಾರೆ, ಹೆಸರು ಬರೆಸಿದ ಗೋಡೆ ಗಡಿಯಾರ ಕೊಡುತ್ತಾರೆ. ಪ್ರೀತಿ ದೊಡ್ಡದು, ಉಪಯೋಗ ಸಣ್ಣದು. ಅಮೆರಿಕದ ಮನೆಗಳಲ್ಲಿ ಹಳಬರು ಕಟ್ಟಡವನ್ನು ಹೊತ್ತು, ಒಳಗಿನ ದಿನಚರಿಗೆ ಕೈ ಹಾಕದೆ ದೂರ ನಿಲ್ಲುವುದೇ ವ್ಯವಸ್ಥೆಯ ಜೀವಾಳ. ನಮ್ಮಲ್ಲಿ ಏಳು ಜನ ಕೂಡಿದರೆ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಹಳೆಯ ವಿದ್ಯಾರ್ಥಿ ಸಂಘ ನೋಂದಾಯಿಸಬಹುದು. ಅದಕ್ಕೆ ದುರಸ್ತಿಯ ಪಟ್ಟಿಯನ್ನು ಹುಡುಗರು ಪ್ರತಿ ಜನವರಿಯಲ್ಲಿ ಬರೆದು ಕಳಿಸಲಿ: ಮೇಲಿನ ಟಾಕಿಯ ಸೋರಿಕೆ, ಬೋರಿನ ಮೋಟಾರು, ಸೋಲಾರ್ ನೀರಿನ ಕೊಳವೆಯಲ್ಲಿ ಕಟ್ಟಿದ ಉಪ್ಪು, ಓದುವ ಕೋಣೆಯ ದೀಪ. ವಿಜಯಪುರ, ಬಾಗಲಕೋಟೆಯ ಗಡಸು ಬೋರ್ ನೀರಿಗೆ ಸೋಲಾರ್ ಕೊಳವೆ ಕಟ್ಟಿಕೊಳ್ಳುವುದು ಸಾಮಾನ್ಯ. ವರ್ಷಕ್ಕೊಮ್ಮೆ ತೊಳೆಸದಿದ್ದರೆ ಬಿಸಿನೀರು ನಿಂತೇ ಹೋಗುತ್ತದೆ. ಹಳಬರು ಏಪ್ರಿಲ್-ಮೇ ರಜೆಯಲ್ಲಿ ಇವನ್ನು ಮಾಡಿಸಿ ಮುಗಿಸಲಿ. ಮೆನು ಏನಿರಬೇಕು, ಖಜಾಂಚಿ ಯಾರಾಗಬೇಕು ಎಂಬುದರಲ್ಲಿ ಅವರ ಮಾತು ಬೇಡ.

ಹುಡುಗರ ಕೈಯಲ್ಲಿ ಕೊಟ್ಟರೆ ಮೊದಲ ವರ್ಷ ತಪ್ಪುಗಳಾಗುತ್ತವೆ. ಎಣ್ಣೆ ತಿಂಗಳ ನಡುವೆಯೇ ಮುಗಿಯುತ್ತದೆ, ಒಂದು ಚೀಲ ಜೋಳಕ್ಕೆ ನುಸಿ ಹತ್ತುತ್ತದೆ, ಒಂದು ದಿನ ಅನ್ನ ತಳ ಹಿಡಿಯುತ್ತದೆ. ಆಗ ಆಡಳಿತ ಮಂಡಳಿಯವರು ಕೀಲಿ ವಾಪಸ್ ಕೇಳಬಾರದು. ನಷ್ಟಕ್ಕೆ ಒಂದು ಮಿತಿ ಮೊದಲೇ ಗೊತ್ತು ಮಾಡಿಕೊಳ್ಳಿ, ಉದಾಹರಣೆಗೆ ತಿಂಗಳ ಖರ್ಚಿನ ನೂರಕ್ಕೆ ಐದು. ಅದರೊಳಗಿನ ತಪ್ಪು ಹುಡುಗರ ಸಭೆಯದು, ಅದನ್ನು ದಾಟಿದರೆ ಹಿರಿಯರು ಬಂದು ಕೂರಲಿ.

ಕೀಲಿ ದಾಟಿಸುವ ಕ್ರಮ ಹೀಗಿರಲಿ. ತಿಂಗಳ ಕೊನೆಯ ಸಂಜೆ ಹಳೆಯ ಕಾರ್ಯದರ್ಶಿ, ಹೊಸ ಕಾರ್ಯದರ್ಶಿ, ಖಜಾಂಚಿ ಮೂವರೂ ಉಗ್ರಾಣದಲ್ಲಿ ನಿಲ್ಲಬೇಕು. ಚೀಲ, ಡಬ್ಬಿ, ಎಣ್ಣೆ ಡಬ್ಬ, ತುಂಬಿದ ಮತ್ತು ಖಾಲಿ ಸಿಲಿಂಡರ್ ಒಂದೊಂದಾಗಿ ತೂಗಿ, ಎಣಿಸಿ, ವಹಿಯಲ್ಲಿ ಬರೆದು, ಮೂವರೂ ಸಹಿ ಹಾಕಬೇಕು. ಹಳಬ ಮರುದಿನ ಬೆಳಗಿನ ಉಪ್ಪಿಟ್ಟಿಗೆ ರವೆ ಅಳೆದು ಕೊಡುವಾಗ ಹೊಸಬ ಪಕ್ಕದಲ್ಲಿ ನಿಂತು ನೋಡಬೇಕು, ಮಧ್ಯಾಹ್ನದ ಬೇಳೆಯನ್ನು ಹೊಸಬ ಅಳೆಯುವಾಗ ಹಳಬ ಪಕ್ಕದಲ್ಲಿರಬೇಕು. ಸಂಜೆಯ ಜೋಳದ ಹಿಟ್ಟಿನ ಹೊತ್ತಿಗೆ ಹಳಬ ಪಂಕ್ತಿಯಲ್ಲಿ ಕೂತಿರಲಿ.